62 ನೋಡ್‌ಗಳೂ ಪಶ್ಚಿಮಕ್ಕೆ

ಕಳೆದ ಜುಲೈಯ ಆ ರಾತ್ರಿ ನೆನಪಾದರೆ ಈಗಲೂ ಕಸಿವಿಸಿಯಾಗುತ್ತದೆ. ಬದಿಯಡ್ಕದ ಮನೆಯಲ್ಲೇ ಕೂತು ಕೆಲಸ. ಹೊರಗೆ ಜಡಿಮಳೆ, ಸಂಜೆಯಿಂದ ಕರೆಂಟ್ ಇಲ್ಲ, ಇನ್ವರ್ಟರ್ ಆಗಲೇ ಕೀಂಯ್ ಅನ್ನುತ್ತಿತ್ತು. ಬಂಗಾಳ ಕೊಲ್ಲಿಯ ಓಬಿಎನ್ ಸರ್ವೆ, 1,400 ಮೀಟರ್ ಆಳ. ಸಮುದ್ರದ ತಳದಲ್ಲಿ ನೋಡ್ ಅನ್ನುವ ಶಬ್ದ ಹಿಡಿಯುವ ಪೆಟ್ಟಿಗೆಗಳನ್ನಿಟ್ಟು, ಮೇಲೆ ಸಾಲು ಸಾಲಾಗಿ (ಲೈನ್) ಹೋಗುವ ಹಡಗಿನಿಂದ ಏರ್‌ಗನ್ ಹೊಡೆದು (ಶಾಟ್) ತಳದ ಕೆಳಗಿನದನ್ನು ತಿಳಿಯುವ ಕೆಲಸ. ಬೆಳಗ್ಗೆ ಒಂಬತ್ತಕ್ಕೆ ನೋಡ್ ಪೊಸಿಶನ್ ಫೈನಲ್ ಆಗಬೇಕು.

ಮೊದಲು ಬಂದ ಲೈನ್‌ಗಳ ಡೈರೆಕ್ಟ್ ಅರೈವಲ್ (ಗನ್‌ನಿಂದ ನೀರಲ್ಲಿ ನೇರ ಬಂದ ಶಬ್ದದ ಸಮಯ) ಪಿಕ್ ಮಾಡಿ, ಅದರಿಂದ ನೋಡ್‌ನ ಜಾಗ ಲೆಕ್ಕಹಾಕುವ ಇನ್ವರ್ಶನ್ ಓಡಿಸಿದ್ದೆ. 62 ನೋಡ್‌ಗಳೂ ಪಶ್ಚಿಮಕ್ಕೆ ಆರಾರು ಮೀಟರ್ ಸರಿದವು. ದೂರಕ್ಕೆ ತಕ್ಕ ಸಮಯ ಕಳೆದು ತೋರಿಸುವ ಎಲ್‌ಎಂಒ ಹಾಕಿದರೆ ಗೆರೆ ಎಳೆದ ಹಾಗೆ ನೇರ. ನೋಡ್ ಇಡುವಾಗ ಅದರ ಜಾಗವನ್ನು ಶಬ್ದದಿಂದ ಅಳೆಯುವ ಯುಎಸ್‌ಬಿಎಲ್ ಅಷ್ಟು ಆಳದಲ್ಲಿ ಏಳೆಂಟು ಮೀಟರ್ ತಪ್ಪುವುದು ಹೊಸದಲ್ಲ. ಕ್ಯಾಲಿಬ್ರೇಶನ್ ದೋಷ ಅಂತ ರಿಪೋರ್ಟ್ ಕಳಿಸಿಯೂ ಆಗಿತ್ತು.

ಆ ರಾತ್ರಿ ಹೊಸ ಲೈನ್‌ಗಳನ್ನು ಸೇರಿಸಿದೆ. ನೇರ ಇದ್ದದ್ದು ಗರಗಸದ ಹಲ್ಲಿನಂತಾಯಿತು. ನೋಡ್‌ನಿಂದ ದೂರದ ಶಾಟ್‌ಗಳಲ್ಲಿ 8 ಮಿಲಿಸೆಕೆಂಡ್ ವ್ಯತ್ಯಾಸ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ, ಅಂದರೆ 12 ಮೀಟರ್! ನೀರಿನ ವೇಗ ಬದಲಿಸಿ ನೋಡಿದೆ. ಆಮೇಲೆ ನೋಡ್‌ನೊಳಗಿನ ಗಡಿಯಾರದ ಡ್ರಿಫ್ಟ್ ಹಿಡಿದು ಕೂತೆ. ಗಡಿಯಾರ ತಪ್ಪಿದ್ದರೆ ಯಾವ ಕಡೆಯ ಶಾಟ್‌ಗೂ ತಡ ಒಂದೇ ತರ ಬರಬೇಕು. ಅದು ನನಗೆ ಗೊತ್ತಿತ್ತು. ಆದರೂ ಎರಡು ಗಂಟೆ ಅದರಲ್ಲೇ ಕಳೆದೆ. ಕಳಿಸಿದ ರಿಪೋರ್ಟೇ ತಪ್ಪಿರಬಹುದು ಅನ್ನಲು ಮನಸ್ಸು ಬರಲಿಲ್ಲ.

ಒಂದು ಗಂಟೆಗೆ ಮಂಜೇಶ್ವರದ ನಮ್ಮ ಸೀನಿಯರ್ ಅಣ್ಣನಿಗೆ ಫೋನ್ ಮಾಡಿದೆ.

“ಅಡಿಯಲ್ಲಿ ಅಲ್ಲಾಡದೆ ಕೂತದ್ದು ಎಲ್ಲಾ ಒಂದೇ ಕಡೆ ಸರಿದದ್ದು ಹೇಗೆ ಮಾರಾಯ? ಹಡಗು ಹೋದ ದಿಕ್ಕು ನೋಡಿದ್ದೀಯಾ?”

ನೋಡಿರಲಿಲ್ಲ. ಹಳೆ ಲೈನ್‌ಗಳೆಲ್ಲ ಹಡಗು ಪೂರ್ವಕ್ಕೆ ಹೋಗುತ್ತಾ ಹೊಡೆದವು, ಹೊಸವು ಪಶ್ಚಿಮಕ್ಕೆ. ನೋಡ್ ತಪ್ಪಿದ್ದರೆ ಹಡಗು ಎತ್ತ ಹೋದರೂ ಆ ತಪ್ಪು ಹಾಗೇ ಇರುತ್ತದೆ. ಸೋರ್ಸ್, ಅಂದರೆ ಗನ್‌ಗಳ ಜಾಗ ತಪ್ಪಿದ್ದರೆ ಹಡಗು ತಿರುಗಿದಾಗ ತಪ್ಪೂ ತಿರುಗುತ್ತದೆ. ಗನ್‌ಗಳನ್ನು ತೇಲಿಸುವ ಫ್ಲೋಟ್‌ನ ಜಿಪಿಎಸ್ ಆಂಟೆನಾದಿಂದ ಗನ್‌ಗಳ ಮಧ್ಯಕ್ಕೆ ಇರುವ ದೂರ 6 ಮೀಟರ್ ತಪ್ಪಾಗಿ ಟೈಪ್ ಆಗಿತ್ತು. ಆ ಕಡೆ ಆರು, ಈ ಕಡೆ ಆರು, ಒಟ್ಟು 12. ಈ ದೂರಗಳನ್ನು ಬರೆದಿಡುವ ಆಫ್‌ಸೆಟ್ ಶೀಟ್ ನಾವಾಗಿ ಕೇಳಿದರೆ ಮಾತ್ರ ಕೈಗೆ ಬರುತ್ತದೆ. ಯಾಕೆ ಹಾಗೆ ಅಂತ ಇವತ್ತಿಗೂ ಸಿಟ್ಟಿದೆ.

ಅದನ್ನು ಸರಿಮಾಡಿ ಮತ್ತೆ ಓಡಿಸಿದೆ. ನೋಡ್‌ಗಳು ಆರ್‌ಒವಿ (ನೀರಡಿಯ ರೋಬೋಟ್) ಇಟ್ಟ ಜಾಗದ ಹತ್ತಿರಕ್ಕೇ ವಾಪಸ್ ಬಂದವು, ಹೆಚ್ಚೆಂದರೆ ಒಂದೆರಡು ಮೀಟರ್ ಆಚೀಚೆ. ಸರಿಯಿದ್ದ 62 ಪೊಸಿಶನ್‌ಗಳನ್ನು ಕೆಡಿಸಿದ್ದು ನಾನೇ. ನಾಲ್ಕು ಗಂಟೆಗೆ ತಪ್ಪು ಒಪ್ಪಿಕೊಂಡು ಮೇಲ್ ಹಾಕಿದೆ.

ನಮ್ಮ ಕ್ಯುಸಿ (ಗುಣಮಟ್ಟ ಪರೀಕ್ಷೆ) ಶೀಟ್‌ನಲ್ಲಿ ಹಡಗಿನ ದಿಕ್ಕಿಗೆ ಇನ್ನೂ ಕಾಲಂ ಇಲ್ಲ. ಎರಡು ಸಲ ಕೇಳಿದೆ, ‘ನೋಡೋಣ’ ಅಂದರು. ಸದ್ಯಕ್ಕೆ ಪೂರ್ವದ ಲೈನ್‌ಗಳಿಗೆ ಕೆಂಪು, ಪಶ್ಚಿಮದವಕ್ಕೆ ನೀಲಿ ಬಣ್ಣ ಕೊಟ್ಟು ನಾನೇ ಪ್ಲಾಟ್ ಮಾಡುತ್ತೇನೆ.