ನಲವತ್ತು ಗುಂಟೆಯ ಭಿನ್ನರಾಶಿ

1/4 + 1/5 ಎಷ್ಟು ಅಂತ ಕೇಳಿದರೆ ಐದನೇ ಕ್ಲಾಸಿನ ಮಕ್ಕಳಲ್ಲಿ ಸುಮಾರು ಜನ 2/9 ಅಂತ ಬರೆಯುತ್ತಾರೆ. ಅಂಶಕ್ಕೆ ಅಂಶ ಕೂಡಿಸು, ಛೇದಕ್ಕೆ ಛೇದ ಕೂಡಿಸು. ಕೆಂಪು ಗೆರೆ ಹೊಡೆದು ಲ.ಸಾ.ಅ. (ಎರಡೂ ಛೇದದಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ತೆಗೆಯಿರಿ ಅಂದರೆ ಅವತ್ತಿಗೆ ತೆಗೆಯುತ್ತಾರೆ. ವಾರ ಕಳೆದರೆ ಮತ್ತೆ ಅದೇ 2/9.

ನಾನು ಶ್ರೀನಿವಾಸಪುರದ ಹತ್ತಿರದ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಸುತ್ತ ಎಲ್ಲಾ ಮಾವಿನ ತೋಪು. ಅಣ್ಣತಮ್ಮಂದಿರ ಭಾಗದ ಮಾತು ಜಗಲಿ ಮೇಲೇ ನಡೆಯುತ್ತದೆ, ಮಕ್ಕಳ ಕಿವಿಗೂ ಬೀಳುತ್ತದೆ. ಎಕರೆಗೆ 40 ಗುಂಟೆ ಅನ್ನೋದು ಮಗ್ಗಿ ಬಾರದ ಹುಡುಗನಿಗೂ ಗೊತ್ತು. ಅದಕ್ಕೇ ನಾನು ರೊಟ್ಟಿ ಚಿತ್ರ ಬಿಟ್ಟು ಜಮೀನು ಹಿಡಿದಿದ್ದೇನೆ. ದುಂಡನೆಯ ರೊಟ್ಟಿಯನ್ನು ಐದು ಸಮಭಾಗ ಮಾಡಿ ನೋಡಿ, ದೊಡ್ಡವರಿಗೇ ಕಷ್ಟ.

ಚೌಕದ ನೋಟ್‌ಬುಕ್ಕಿನಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 5 ಮನೆ ಎಣಿಸಿ ಗೆರೆ ಹಾಕಿಸುತ್ತೇನೆ. ಅದೇ ನಮ್ಮ ಎಕರೆ, ಒಂದು ಮನೆ ಒಂದು ಗುಂಟೆ. ಒಂದು ಅಡ್ಡಸಾಲು 8 ಗುಂಟೆ, ಅಂದರೆ 1/5. ಎರಡು ಉದ್ದಸಾಲು 10 ಗುಂಟೆ, ಅಂದರೆ 1/4. ಈಗ ಕೂಡಿಸಿ: 18 ಗುಂಟೆ. 18/40, ಸುಲಭ ಮಾಡಿದರೆ 9/20. ಆಮೇಲೆ ಆ 2/9 ಅನ್ನು ಎಳೆದು ತರುತ್ತೇನೆ. ಎಕರೆಯ 2/9 ಅಂದರೆ 9 ಗುಂಟೆಯೂ ತುಂಬುವುದಿಲ್ಲ. "10 ಗುಂಟೆ ಇಟ್ಟುಕೊಂಡವನಿಗೆ ಇನ್ನೂ 8 ಕೊಟ್ಟರೆ ಅವನ ಜಮೀನು ಕಮ್ಮಿ ಆಗುತ್ತೇನೋ?" ಅಂತ ಕೇಳಿದರೆ ಹಿಂದಿನ ಸಾಲಿನವನೂ ನಗುತ್ತಾನೆ.

ಅಭ್ಯಾಸಕ್ಕೆ ಒಂದೇ ಸಲ ಪುಟಗಟ್ಟಲೆ ಲೆಕ್ಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಒಂದೇ ಛೇದದವು. ಆಮೇಲೆ 1/4 + 1/8 ತರಹದವು, ಒಂದರಲ್ಲಿ ಇನ್ನೊಂದು ಸೇರುವಂಥವು. 1/4 + 1/5 ಕೊನೆಗೆ. ಲೆಕ್ಕ ಮಾಡುವ ಮುಂಚೆ ಉತ್ತರ ಅರ್ಧಕ್ಕಿಂತ ಜಾಸ್ತಿಯೋ ಕಮ್ಮಿಯೋ ಅಂತ ಬಾಯಲ್ಲಿ ಹೇಳಲೇಬೇಕು. ಹೇಳದವರ ಪುಸ್ತಕ ನಾನು ನೋಡುವುದಿಲ್ಲ!

ಗುಣಾಕಾರ ಬೇಗ ಹತ್ತುತ್ತದೆ. ಕಾಲು ಎಕರೆಯಲ್ಲಿ ಅರ್ಧ 5 ಗುಂಟೆ, ಅಂದರೆ 1/8. ಭಾಗಾಕಾರದಲ್ಲಿ ಮಾತ್ರ ಎಲ್ಲರೂ ನಿಲ್ಲುತ್ತಾರೆ. 1/2 ÷ 1/8 ಮಾಡಿದರೆ 4 ಬರುತ್ತದೆ. ಭಾಗ ಮಾಡಿದರೆ ದೊಡ್ಡದಾಯಿತಲ್ಲ, ಹೇಗೆ? "ತಿರುಗಿಸಿ ಗುಣಿಸು" ಅಂತ ಬಾಯಿಪಾಠ ಮಾಡಿಸುವ ಮುಂಚೆ, 20 ಗುಂಟೆಯಲ್ಲಿ 5 ಗುಂಟೆಯ ತುಂಡು ಎಷ್ಟು ಅಂತ ಕೇಳಿ. ನಾಲ್ಕು ಅಂತ ತಕ್ಷಣ ಬರುತ್ತದೆ.

ಮೂರು ಜನ ಅಣ್ಣತಮ್ಮಂದಿರು ಬಂದರೆ ತಕರಾರು ಶುರು. 40ನ್ನು 3ರಿಂದ ಭಾಗಿಸಿದರೆ 13 ಗುಂಟೆ, ಮೇಲೆ 1/3. ಗುಂಟೆಗೆ 16 ಆಣೆ ಅಲ್ವಾ, ಆಣೆಗೆ ಇಳಿದರೂ 5 ಆಣೆ, ಮೇಲೆ ಮತ್ತೆ 1/3. ಆಗ ಗಂಟೆಗೆ 60 ನಿಮಿಷ ತಗೊಳ್ಳುತ್ತೇವೆ. 1/3 ಅಂದರೆ 20, 1/4 ಅಂದರೆ 15, ಒಟ್ಟು 35/60, ಅಂದರೆ 7/12.

"1/7 ಬಂದರೆ ಏನು ಮಾಡೋದು ಮಿಸ್?" ಅಂತ ಒಬ್ಬ ಹುಡುಗ ಕೇಳಿದ. 60ಕ್ಕೂ ಆಗುವುದಿಲ್ಲ, 40ಕ್ಕೂ ಆಗುವುದಿಲ್ಲ. ನಾನು ಬಾಯಿ ತೆಗೆಯುವುದರೊಳಗೆ ಪಕ್ಕದ ಹುಡುಗಿ 1/4 + 1/7ಕ್ಕೆ "28 ಗುಂಟೆಯ ಎಕರೆ ಮಾಡ್ಕೊಂಡ್ರೆ ಆಯ್ತು" ಅಂದಳು. 7 ಮತ್ತು 4, ಒಟ್ಟು 11/28. ಅದನ್ನೇ ಪುಸ್ತಕದಲ್ಲಿ ಲ.ಸಾ.ಅ. ಅಂತಾರೆ ಕಣಮ್ಮ ಅಂದೆ. ಅಂಥ ಎಕರೆಯನ್ನು ತಹಸೀಲ್ದಾರರು ಒಪ್ಪುವುದಿಲ್ಲ, ಅದು ಬೇರೆ ಮಾತು.