ಸಬ್‌ವೂಫರ್ ಬಾಕ್ಸಿನಲ್ಲಿ ಕಾಣೆಯಾದ ಹತ್ತು ಲೀಟರ್

ಕುಂಬಳೆಯ ಒಂದು ಕಾರ್ ಆಡಿಯೋ ಅಂಗಡಿಯಲ್ಲಿ ನನ್ನ ಕೆಲಸ. ಸೇರಿದ ಎರಡನೇ ವರ್ಷದಲ್ಲಿ ಮೊದಲ ಸಲ ಸಬ್‌ವೂಫರಿನ, ಅಂದರೆ ತಗ್ಗು ಸ್ವರ ನುಡಿಸುವ ದೊಡ್ಡ ಸ್ಪೀಕರಿನ, ಬಾಕ್ಸ್ ನಾನೇ ಮಾಡಿದೆ. ಅಲ್ಲಿಯವರೆಗೆ ರೆಡಿಮೇಡ್ ಬಾಕ್ಸ್ ತಂದು ಕೂರಿಸಿ ಮಾತ್ರ ಗೊತ್ತಿತ್ತು. ಬದಿಯಡ್ಕ ಕಡೆಯ ಒಬ್ಬರು ಮೇಷ್ಟ್ರ ಕಾರು. ಡಿಕ್ಕಿಯಲ್ಲಿ ಸಾಮಾನಿಗೂ ಜಾಗ ಬೇಕು, ಅಂಗಡಿಯಲ್ಲಿದ್ದ ಯಾವ ಬಾಕ್ಸೂ ಹಿಡಿಸುವುದಿಲ್ಲ. "ನೀನೇ ಒಂದು ಮಾಡಿಕೊಡು ಮಾರಾಯ" ಎಂದರು. ಧಣಿಗಳೂ ಹೂಂ ಎಂದರು.

ಹನ್ನೆರಡು ಇಂಚಿನ ವೂಫರ್. ಅದರ ಜೊತೆ ಬಂದ ಚೀಟಿಯಲ್ಲಿ ಸೀಲ್ಡ್ ಬಾಕ್ಸಿಗೆ (ಎಲ್ಲೂ ಗಾಳಿ ಆಡದಂತೆ ಮುಚ್ಚಿದ್ದು) 28 ಲೀಟರ್ ಎಂದು ಇತ್ತು. ಅಂದರೆ ಹೆಚ್ಚುಕಡಿಮೆ ಒಂದು ಘನ ಅಡಿ. ವೂಫರಿನ ಮ್ಯಾಗ್ನೆಟ್ ಮತ್ತು ಫ್ರೇಮ್ ಒಳಗೆ ಎರಡು ಲೀಟರ್ ಜಾಗ ತಿನ್ನುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ 30 ಲೀಟರ್ ಲೆಕ್ಕ ಹಾಕಿದೆ. ಉದ್ದ 40 ಸೆಂಟಿಮೀಟರ್, ಎತ್ತರ 34, ಆಳ 22. ಗುಣಿಸಿದರೆ ಸರಿಯಾಗಿ ಬರುತ್ತದೆ. 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತಂದು ಕೊಯ್ದೆ. ನಡುವೆ ಮೊಳೆ ಹೊಡೆದು, ನೂಲು ಕಟ್ಟಿ, ಪೆನ್ಸಿಲ್ಲಿನಿಂದ ವೃತ್ತ ಎಳೆದು ಜಿಗ್‌ಸಾದಲ್ಲಿ ತೂತು ಮಾಡಿದೆ. ಅಂಟು, ಸ್ಕ್ರೂ, ಮೇಲೆ ಕಪ್ಪು ಕಾರ್ಪೆಟ್. ನೋಡಲು ಚಂದವೇ ಇತ್ತು.

ಹಾಡು ಹಾಕಿದೆವು. ಶಬ್ದ ಜೋರಾಗಿ ಬಂತು, ಆದರೆ ಕೆಳಗಿಳಿಯಲಿಲ್ಲ. ಬೇಸ್ ಗಿಟಾರಿನಲ್ಲಿ ನಾಲ್ಕು ಬೇರೆ ಸ್ವರ ಇದ್ದರೂ ನಾಲ್ಕೂ ಒಂದೇ "ಡುಂ" ಎಂದು ಕೇಳುತ್ತಿತ್ತು. ಮೇಷ್ಟ್ರು ಏನೂ ಹೇಳಲಿಲ್ಲ, ಸುಮ್ನೆ ತಲೆ ಒಂದು ಕಡೆ ವಾಲಿಸಿ ಕೇಳಿದರು. ನನಗೆ ಅದು ಸಾಕಾಯಿತು. ಎರಡು ದಿನ ಕೊಡಿ ಎಂದು ಕಾರು ಇಟ್ಟುಕೊಂಡೆ.

ಮೊದಲ ದಿನ ಪೂರ್ತಿ ಆಂಪಿನ (ವೂಫರಿಗೆ ಶಕ್ತಿ ಕೊಡುವ ಆಂಪ್ಲಿಫೈಯರಿನ) ಮೇಲೆ ಹೋಯಿತು. ಗೇನ್ ಇಳಿಸಿದೆ, ಫಿಲ್ಟರ್ ತಿರುಗಿಸಿದೆ, ಅರ್ತ್ ವೈರ್ ಬಿಚ್ಚಿ ಕಬ್ಬಿಣ ಉಜ್ಜಿ ಮತ್ತೆ ಹಾಕಿದೆ. ದಿಂಬಿಗೆ ತುಂಬುವ ಫೈಬರ್ ಬಾಕ್ಸಿನೊಳಗೆ ಹಾಕಿ ನೋಡಿದೆ. ಸ್ವಲ್ಪ ಮೆತ್ತಗಾಯಿತು, ಅಷ್ಟೇ. ವೂಫರೇ ಹಾಳು ಎಂದು ಅನುಮಾನ ಬಂತು.

ಮರುದಿನ ಪಕ್ಕದ ಆಚಾರ್ರು ಬಂದರು. ಬಾಗಿಲು, ಕಿಟಕಿ ಮಾಡುವವರು, ಆಂಪ್ ಗೀಂಪ್ ಎಲ್ಲ ಅವರಿಗೆ ಬೇಡ. ನನ್ನ ಲೆಕ್ಕದ ಚೀಟಿ ನೋಡಿ ಕೇಳಿದರು: "ಇದು ಹೊರಗಿನ ಅಳತೆಯಾ, ಒಳಗಿನದ್ದಾ? ಸೇರಿನಲ್ಲಿ ಎಷ್ಟು ಅಕ್ಕಿ ಹಿಡಿಯುತ್ತದೆ ಎಂದು ನೋಡಲು ಸೇರಿನ ಹೊರಮೈ ಅಳೆಯುತ್ತಾರಾ?"

ಆಗ ಹೊಳೆಯಿತು. ಹಲಗೆ 1.8 ಸೆಂಟಿಮೀಟರ್ ದಪ್ಪ. ಎರಡೂ ಬದಿ ಸೇರಿ ಪ್ರತಿ ಅಳತೆಯಲ್ಲಿ 3.6 ಕಳೆಯಬೇಕು. ಒಳಗೆ ಉಳಿಯುವುದು 36.4, 30.4, 18.4. ಗುಣಿಸಿದರೆ 20 ಲೀಟರಿಗೆ ಸ್ವಲ್ಪ ಮೇಲೆ. ಮ್ಯಾಗ್ನೆಟ್ ಜಾಗ ಕಳೆದರೆ 18. ಎರಡು ಲೀಟರಿಗೆ ಅಷ್ಟು ಜಾಗ್ರತೆ ಮಾಡಿದವನು ಹತ್ತು ಲೀಟರ್ ಬಿಟ್ಟಿದ್ದೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಸೀಲ್ಡ್ ಬಾಕ್ಸಿನಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ವೂಫರಿನ ಕೋನ್, ಅಂದರೆ ಹಿಂದೆ ಮುಂದೆ ಅಲುಗುವ ಅದರ ಮುಂಭಾಗ, ಹಿಂದೆ ಹೋದರೆ ಗಾಳಿ ಒತ್ತಿ ಮುಂದೆ ದೂಡುತ್ತದೆ. ಗಾಳಿ ಕಡಿಮೆಯಾದಷ್ಟು ಸ್ಪ್ರಿಂಗ್ ಬಿಗಿ. ಆಗ ತೀರಾ ಕೆಳಗಿನ ಸ್ವರಗಳು ಕ್ಷೀಣಿಸಿ, ಅದಕ್ಕಿಂತ ಮೇಲಿನ ಒಂದು ಜಾಗದಲ್ಲಿ ಮಾತ್ರ ಉಬ್ಬು ಬರುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರ್ ತಂದಾಗ ಈ ಗಾಳಿಯ ಸ್ಪ್ರಿಂಗನ್ನೇ ನಂಬಿದ್ದರು. ನಾನು ಬಾಕ್ಸನ್ನು ವೂಫರ್ ಇಡುವ ಪೆಟ್ಟಿಗೆ ಎಂದುಕೊಂಡಿದ್ದೆ. ಅದು ವೂಫರಿನದೇ ಒಂದು ಭಾಗ.

ಹೊಸ ಬಾಕ್ಸಿಗೆ ಹೊರಗಿನ ಅಳತೆ 45, 36, 26. ಒಳಗೆ 30 ಲೀಟರ್. ಡಿಕ್ಕಿಯಲ್ಲಿ ಆಳ ನಾಲ್ಕು ಸೆಂಟಿಮೀಟರ್ ಜಾಸ್ತಿ ಹಿಡಿಯಿತು, ಮೇಷ್ಟ್ರಿಗೆ ಫೋನ್ ಮಾಡಿ ಕೇಳಿಯೇ ಕೊಯ್ದದ್ದು. ಈ ಸಲ ಸ್ಕ್ರೂ ಹಾಕುವ ಮೊದಲು ಸಣ್ಣ ಡ್ರಿಲ್ಲಿನಲ್ಲಿ ತೂತು ಹೊಡೆದೆ, ಇಲ್ಲದಿದ್ದರೆ ಎಂಡಿಎಫ್ ಅಂಚು ಸೀಳುತ್ತದೆ. ಒಳಮೂಲೆಗಳಿಗೆ ಸಿಲಿಕಾನ್ ಎಳೆದೆ. ಅದರ ಹುಳಿ ವಾಸನೆ ಹೋಗುವವರೆಗೆ, ಒಂದು ದಿನ ಪೂರ್ತಿ, ವೂಫರ್ ಕೂರಿಸಲಿಲ್ಲ. ನಮ್ಮಲ್ಲಿ ಮಳೆಗಾಲ ಎಂದರೆ ಗೊತ್ತಲ್ವಾ. ಕೊಯ್ದ ಅಂಚು ನೀರು ಕುಡಿದು ಉಬ್ಬುತ್ತದೆ. ಎಲ್ಲ ಅಂಚಿಗೂ ಸೀಲರ್ ಎರಡು ಕೋಟ್ ಹಚ್ಚಿದೆ.

ಕೊನೆಗೆ ಲೀಕ್ ನೋಡಬೇಕು. ಫೋನಿನಿಂದ 30 ಹರ್ಟ್ಸಿನ (ತೀರಾ ತಗ್ಗಿನ) ಟೋನ್ ಮೆಲ್ಲಗೆ ಹಾಕಿ, ಊದುಬತ್ತಿ ಹಚ್ಚಿ ಪ್ರತಿ ಜಾಯಿಂಟಿನ ಹತ್ತಿರ ಹಿಡಿದೆ. ಮೂಲೆಗಳಲ್ಲಿ ಹೊಗೆ ನೆಟ್ಟಗೆ ಏರಿತು. ಹಿಂದೆ ವೈರ್ ಹೋಗುವ ಟರ್ಮಿನಲ್ ಹತ್ತಿರ ತಂದಾಗ ಮಾತ್ರ ಹೊಗೆಯ ಎಳೆ ಕಡಿದು ಕಡಿದು ನಡುಗಿತು. ಬಿಚ್ಚಿ ಅಡಿಗೆ ಫೋಮ್ ಪಟ್ಟಿ ಕೊಟ್ಟು ಬಿಗಿದೆ. ಮತ್ತೆ ಹಿಡಿದೆ. ಹೊಗೆ ಅಲ್ಲಾಡಲಿಲ್ಲ.

ಬ್ಯಾಟರಿ ಹತ್ತಿರ, ಒಂದೂವರೆ ಅಡಿಯೊಳಗೆ, ಫ್ಯೂಸ್ ಹಾಕಿದೆ. ಇದನ್ನು ಮೊದಲ ಸಲವೂ ಹಾಕಿದ್ದೆ. ಇದನ್ನು ಮಾತ್ರ ಯಾರೂ ಬಿಡಬೇಡಿ, ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದರೆ ಕಾರೇ ಹೊತ್ತಿಕೊಳ್ಳುತ್ತದೆ.

ಸಂಜೆ ಮೇಷ್ಟ್ರು ಬಂದು ಅದೇ ಹಾಡು ಹಾಕಿದರು. ನಾಲ್ಕು ಸ್ವರ ನಾಲ್ಕಾಗಿ ಕೇಳಿತು. ಅವರು ಇನ್ನೊಂದು ಹಾಡು ಹಾಕಿದರು, ಆಮೇಲೆ ಇನ್ನೊಂದು.

ಹಳೆಯ ಬಾಕ್ಸನ್ನು ಎಸೆಯಲಿಲ್ಲ. 18 ಲೀಟರ್ ಹತ್ತು ಇಂಚಿನ ಎಷ್ಟೋ ವೂಫರುಗಳಿಗೆ ಹಿಡಿಸುವ ಅಳತೆ. ಮುಂದಿನ ಹಲಗೆಗೆ ಇನ್ನೊಂದು ಹಲಗೆ ಅಂಟಿಸಿ, ಸಣ್ಣ ತೂತು ಕೊಯ್ದು, ಹತ್ತು ಇಂಚಿನದ್ದು ಕೂರಿಸಿದೆ. ಈಗ ಅದು ಅಂಗಡಿಯ ಡೆಮೊ ಬಾಕ್ಸ್. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಎರಡು ಸಾಲು ಬರೆದಿದ್ದೇನೆ: ಹೊರಗೆ 30, ಒಳಗೆ 20. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ಟೇಪ್ ಕೊಡುವ ಮೊದಲು ಅದನ್ನು ತಿರುಗಿಸಿ ತೋರಿಸುತ್ತೇನೆ.