ಡಿಫ್ರಾಸ್ಟ್ ಬೇಗ ಮುಗಿದರೆ ಒಳ್ಳೆಯದಾ?

ಬೆಂಗಳೂರಿನಲ್ಲಿ ಕೂತು ಯುರೋಪಿನ ಮನೆಗಳಿಗೆ ಹೋಗುವ ಹೀಟ್ ಪಂಪ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರಲ್ಲಿ. ಹಾಗಾಗಿ ನಮಗೆ ಬೇಕಾದ ಚಳಿಯನ್ನು ಟೆಸ್ಟ್ ಚೇಂಬರ್ ಒಳಗೆ ನಾವೇ ಮಾಡಿಕೊಳ್ಳುತ್ತೇವೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಡಿಫ್ರಾಸ್ಟ್, ಅಂದರೆ ಯಂತ್ರದ ಮೇಲೆ ಕಟ್ಟಿದ ಐಸ್ ಕರಗಿಸುವ ಕೆಲಸ.

ಹೀಟ್ ಪಂಪ್ ಅಂದರೆ ಹೊರಗಿನ ಗಾಳಿಯಿಂದ ಶಾಖ ಎಳೆದು, ಮನೆಯನ್ನು ಬೆಚ್ಚಗಿಡುವ ನೀರಿಗೆ ಕೊಡುವ ಯಂತ್ರ. ಶಾಖ ಎಳೆಯಬೇಕಾದರೆ ಹೊರಗಿನ ಕಾಯಿಲ್ (ಗ್ಯಾಸ್ ಹರಿಯುವ ಪೈಪುಗಳ ಸುರುಳಿ) ಗಾಳಿಗಿಂತ ತಣ್ಣಗಿರಬೇಕು. ಗಾಳಿ 2 ಡಿಗ್ರಿ ಇದ್ದರೆ ಕಾಯಿಲ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಗಾಳಿಯ ತೇವ ಕಾಯಿಲ್‌ಗೆ ಜೋಡಿಸಿದ ತೆಳು ತಗಡುಗಳ, ಅಂದರೆ ಫಿನ್‌ಗಳ ಮೇಲೆ ಐಸ್ ಆಗಿ ಕೂರುತ್ತದೆ, ಹಳೇ ಫ್ರಿಜ್‌ನ ಫ್ರೀಜರ್ ಡಬ್ಬಿಯಲ್ಲಿ ಕಟ್ಟುತ್ತಿತ್ತಲ್ಲ, ಹಾಗೆ. ಫಿನ್‌ಗಳ ಸಂದು ಮುಚ್ಚಿದಷ್ಟೂ ಗಾಳಿ ಓಡುವುದು ಕಡಿಮೆ. ಕಾಯಿಲ್ ಇನ್ನೂ ತಣ್ಣಗಾಗುತ್ತದೆ, ಐಸ್ ಇನ್ನೂ ಬೇಗ ಬೆಳೆಯುತ್ತದೆ.

ಚಳಿ ಹೆಚ್ಚಾದಷ್ಟೂ ಐಸ್ ಹೆಚ್ಚು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗಲ್ಲ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 4.8 ಗ್ರಾಂ ನೀರಾವಿ ಹಿಡಿಯಬಲ್ಲದು. ಮೈನಸ್ 10ರಲ್ಲಿ ಅದರ ಅರ್ಧದಷ್ಟೇ. ನಿಜವಾಗಿ ಕಾಡುವುದು ಸೊನ್ನೆಯ ಆಸುಪಾಸಿನ ಒದ್ದೆ ಚಳಿ. ಇಎನ್ 14511 ಅನ್ನುವ ಯುರೋಪಿನ ಮಾನದಂಡದ ಪ್ರಕಾರ ಟೆಸ್ಟ್ ಮಾಡುವಾಗ ಗಾಳಿ 2 ಡಿಗ್ರಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್) 1 ಡಿಗ್ರಿ ಇರುವ ಪಾಯಿಂಟ್ ಬಂದರೆ ನಮ್ಮ ತಂಡ ಮೈಯೆಲ್ಲಾ ಕಣ್ಣಾಗಿರುತ್ತದೆ.

ಐಸ್ ತೆಗೆಯಲು, ಗ್ಯಾಸ್ ಹರಿಯುವ ದಿಕ್ಕು ಬದಲಿಸುವ ಫೋರ್‌ವೇ ವಾಲ್ವ್ ತಿರುಗುತ್ತದೆ. ಫ್ಯಾನ್ ನಿಂತು, ಬಿಸಿ ಗ್ಯಾಸ್ ಹೊರಗಿನ ಕಾಯಿಲ್‌ಗೆ ಹರಿಯುತ್ತದೆ. ಆ ಕೆಲವು ನಿಮಿಷ ಮನೆಗೆ ಶಾಖ ಸಿಗುವುದಿಲ್ಲ. ಸಾಲದ್ದಕ್ಕೆ ಮನೆಯ ನೀರಿನಿಂದಲೇ ಶಾಖ ವಾಪಸ್ ಹೋಗುತ್ತದೆ. ಹಾಗಾಗಿ ಇದನ್ನು ಆದಷ್ಟು ಬೇಗ ಮುಗಿಸಬೇಕು ಅಂತ ಎಲ್ಲರಿಗೂ ಅನಿಸುತ್ತದೆ.

ಒಂದು ಯೂನಿಟ್‌ನಲ್ಲಿ ಹಾಗೇ ಮಾಡಿ ನೋಡೋಣ ಅಂತ ತೀರ್ಮಾನವಾಯಿತು. ಕಾಯಿಲ್ ಎಷ್ಟು ಬಿಸಿಯಾದಾಗ ಡಿಫ್ರಾಸ್ಟ್ ನಿಲ್ಲಬೇಕು ಅನ್ನುವ ಸೆಟ್ಟಿಂಗ್ ಇಳಿಸಿದೆವು. ಮೊದಲ ಸೈಕಲ್‌ನ, ಅಂದರೆ ಐಸ್ ಕಟ್ಟಿ ಕರಗುವ ಮೊದಲ ಸುತ್ತಿನ ಗ್ರಾಫ್ ತುಂಬಾ ಚೆನ್ನಾಗಿ ಬಂತು. ಆಮೇಲೆ ಚೇಂಬರ್ ನೋಡಿಕೊಳ್ಳುವ ನಮ್ಮ ಹಿರಿಯ ಟೆಕ್ನಿಷಿಯನ್ ಬಂದು, "ಸರ್, ಗ್ರಾಫ್ ಆಮೇಲೆ ನೋಡುವಿರಂತೆ. ಜಾಕೆಟ್ ಹಾಕ್ಕೊಂಡು ಒಳಗೆ ಬನ್ನಿ, ಕಾಯಿಲ್ ಬುಡ ನೋಡಿ" ಅಂದರು.

ಮೇಲೆಲ್ಲಾ ಫಿನ್ ಫಳಫಳ ಅನ್ನುತ್ತಿತ್ತು. ಬುಡದಲ್ಲಿ ಮಾತ್ರ ಅರೆಕರಗಿದ ಐಸ್, ನೀರು. ಕರಗಿದ್ದೆಲ್ಲಾ ಕೆಳಗೇ ಇಳಿಯುತ್ತದೆ, ಅಲ್ವಾ? ಅದಕ್ಕೇ ಬುಡ ಕೊನೆಗೆ ಶುಚಿಯಾಗುತ್ತದೆ. ಸೆನ್ಸರ್ ಇದ್ದದ್ದು ಮೇಲಿನ ಪೈಪಿನಲ್ಲಿ, ಅದು ಬೇಗ ಬಿಸಿಯಾಗಿ "ಮುಗೀತು" ಅಂತ ಹೇಳಿಬಿಡುತ್ತಿತ್ತು. ಯಂತ್ರ ಮತ್ತೆ ಶಾಖ ಎಳೆಯಲು ಶುರುಮಾಡಿದ ತಕ್ಷಣ ಆ ನೀರು ಗಟ್ಟಿ ಐಸ್ ಆಗುತ್ತಿತ್ತು. ಗಾಳಿಯಿಂದ ಕೂತ ಹೊಸ ಐಸ್ ಹಗುರ, ಪುಡಿಪುಡಿ. ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಕಲ್ಲಿನಂತೆ ಗಟ್ಟಿ. ಒಂದು ಕಿಲೋ ಐಸ್ ಕರಗಿಸಲು ಸುಮಾರು 334 ಕಿಲೋಜೌಲ್ ಬೇಕು. ಬುಡದಲ್ಲಿ ಉಳಿದ ಐಸ್‌ಗೆ ಸುರಿದ ಶಾಖದಲ್ಲಿ ಒಂದಷ್ಟು ಹೀಗೆ ವ್ಯರ್ಥವಾಗುತ್ತಿತ್ತು.

ಮುಂದಿನ ಸೈಕಲ್‌ಗಳಲ್ಲಿ ಡಿಫ್ರಾಸ್ಟ್‌ಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂತು. ಎಲ್ಲಾ ಸೈಕಲ್ ಸೇರಿಸಿ ಲೆಕ್ಕ ಹಾಕಿದರೆ ಮನೆಗೆ ಸಿಕ್ಕ ಶಾಖ ಹಳೇ ಸೆಟ್ಟಿಂಗ್‌ಗಿಂತ ಕಡಿಮೆ. ಸೆನ್ಸರ್ ಅನ್ನು ಬುಡದ ಪೈಪಿಗೆ ಇಳಿಸಿದೆವು. ನಿಲ್ಲಿಸುವ ತಾಪಮಾನ ಏರಿಸಿದೆವು. ನೀರು ತೊಟ್ಟಿಕ್ಕಿ ಹೋಗಲು ಸ್ವಲ್ಪ ಹೊತ್ತು ಬಿಟ್ಟೆವು. ಒಂದೊಂದು ಡಿಫ್ರಾಸ್ಟ್ ಉದ್ದವಾಯಿತು, ಆದರೆ ಒಟ್ಟು ಲೆಕ್ಕ ಸುಧಾರಿಸಿತು. ಈಗ ನಾನು ಒಂದೇ ಸೈಕಲ್‌ನ ಗ್ರಾಫ್ ನಂಬುವುದಿಲ್ಲ. ಸೈಕಲ್‌ಗಳು ಒಂದೇ ಥರ ಬರುವವರೆಗೂ ಓಡಿಸುತ್ತೇವೆ, ಪ್ರತಿ ಡಿಫ್ರಾಸ್ಟ್ ಮುಗಿದಾಗ ಬುಡದ ಫೋಟೋ ತೆಗೆಯುತ್ತೇವೆ.

ಇನ್ನೊಂದು ಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಶೇ. 10ರಷ್ಟು ತೆಳು. ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ತಳ್ಳುವ ಗಾಳಿಯ ತೂಕ ಕಡಿಮೆ. ಇಲ್ಲಿನ ಐಸ್ ಲೆಕ್ಕವನ್ನು ಸಮುದ್ರತೀರದ ಊರಿಗೆ ಹಾಗೇ ಕಳಿಸುವಂತಿಲ್ಲ.

ಇಲ್ಲಿನ ಹೋಟೆಲ್, ಪಿಜಿಗಳ ತಾರಸಿಯ ಮೇಲೂ ನೀರು ಕಾಯಿಸುವ ಹೀಟ್ ಪಂಪ್ ಇರುತ್ತವೆ. ನಮ್ಮ ಹವೆಯಲ್ಲಿ ಅದರ ಕಾಯಿಲ್ ಮೇಲೆ ಐಸ್ ಕಂಡರೆ ಡಿಫ್ರಾಸ್ಟ್ ಸೆಟ್ಟಿಂಗ್ ಸುಮ್ನೆ ಮುಟ್ಟಬೇಡಿ. ಫಿನ್‌ಗಳಲ್ಲಿ ಧೂಳು ಕಟ್ಟಿದೆಯಾ, ಫ್ಯಾನ್ ಸರಿಯಾಗಿ ತಿರುಗುತ್ತಿದೆಯಾ, ಗ್ಯಾಸ್ ಕಡಿಮೆಯಾಗಿದೆಯಾ, ಇದನ್ನು ಮೊದಲು ನೋಡಿಸಿ.